ಆರು ಗಂಟಿನ ಬನಿಯನ್

೨೦ ಫೆಬ್ರವರಿ ೧೯೫೮, ಗುರುವಾರ. ಹಿಂದೂಪುರ

ನಮ್ಮ ಯಜಮಾನರ ಬೆನ್ನುಮೂಳೆ ಎದೆಯ ಮಟ್ಟದಲ್ಲಿ ಮುರಿದಿದೆ. ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮಾಡುವಂಥದ್ದು ಇನ್ನೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಬಹುದು. ಡಾಕ್ಟರು ಇದನ್ನು ಇವತ್ತು ಬೆಳಿಗ್ಗೆ ನಮ್ಮ ಅಪ್ಪನಿಗೆ ಹೇಳಿದರು. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ನನಗೆ ಹೇಳಿದರು. ಇವರಿಗೆ ಇನ್ನೂ ಯಾರೂ ಹೇಳಿಲ್ಲ.

ಇವರು ಬಿದ್ದದ್ದು ಈ ತಿಂಗಳ ಆರನೇ ತಾರೀಖು, ರೊದ್ದಂ ಹತ್ತಿರದ ತೋಪಿನಲ್ಲಿ. ಹುಣಸೆ ಮರಗಳನ್ನು ಗುತ್ತಿಗೆ ಹಿಡಿಯುವವರು ಕೆಳಗೆ ನಿಂತೇ ಫಸಲನ್ನು ಅಂದಾಜು ಮಾಡುತ್ತಾರೆ. ಇವರು ಮಾತ್ರ ಹತ್ತಿ ನೋಡುತ್ತಾರೆ. ಕೊಂಬೆ ಮುರಿಯಲಿಲ್ಲ, ಕಾಲು ಜಾರಿತು ಎಂದು ಕೆಳಗಿದ್ದ ಆಳು ಹೇಳಿದ್ದಾನೆ. ಕೈಗಳು ಆಡುತ್ತವೆ, ಮಾತು ಸರಿಯಾಗಿದೆ, ಊಟ ಮಾಡುತ್ತಾರೆ. ಎದೆಯಿಂದ ಕೆಳಕ್ಕೆ ಏನೂ ಆಡುವುದಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಕೊಂಡಪ್ಪ, ವಯಸ್ಸು ಮೂವತ್ತೊಂದು ಎಂದಿದೆ.

ಡಾಕ್ಟರ ಸೂಚನೆ: ಬಿದ್ದ ದಿನದಿಂದ ಆರು ವಾರ, ಅಂದರೆ ಮಾರ್ಚ್ ಇಪ್ಪತ್ತರವರೆಗೆ, ಹಲಗೆಯ ಮೇಲೆ ಅಂಗಾತ ಮಲಗಿರಬೇಕು. ಎತ್ತಿ ಕೂರಿಸಬಾರದು, ಮಗ್ಗುಲಿಗೆ ತಿರುಗಿಸಬಾರದು. ಕಾಲು ಬರುತ್ತದೆಯೇ ಎಂದು ಅಪ್ಪ ಕೇಳಿದ್ದಕ್ಕೆ ಆಮೇಲೆ ನೋಡೋಣ ಎಂದರಂತೆ. ಬರುತ್ತದೆ. ಆರು ವಾರದಲ್ಲಿ ಎರಡು ಕಳೆದಿವೆ.

ನಮ್ಮ ಬಾಡಿಗೆ ಮನೆ ಮಹಡಿಯ ಮೇಲೆ, ಮೆಟ್ಟಿಲು ಕಡಿದು. ಆದ್ದರಿಂದ ಕಲ್ಯಾಣದುರ್ಗಕ್ಕೆ, ಇವರ ತಾಯಿಯ ಮನೆಗೆ. ಮಾರ್ಚ್ ಕೊನೆಗೆ ಹಿಂದಿರುಗುವುದೆಂದು ಮನೆಯ ಬೀಗದ ಕೈಯನ್ನು ಅಪ್ಪನಿಗೆ ಕೊಟ್ಟಿದ್ದೇನೆ.

೨೪ ಫೆಬ್ರವರಿ, ಸೋಮವಾರ. ಕಲ್ಯಾಣದುರ್ಗ

ತಲುಪಿದೆವು. ಬಾಗಿಲ ಹಲಗೆಯೊಂದರ ಮೇಲೆ ಇವರನ್ನು ಮಲಗಿಸಿ ಲಾರಿಯಲ್ಲಿ ತಂದೆವು. ಮುತ್ಯಾಲಪ್ಪ ರಜೆ ಹಾಕಿ ದಾರಿಯುದ್ದಕ್ಕೂ ಇವರ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದ. ಅವನು ಇವರ ಜೊತೆ ಓದಿದವನು, ಈಗ ಕಲ್ಯಾಣದುರ್ಗ–ಹಿಂದೂಪುರದ ಬಸ್ಸಿನಲ್ಲಿ ಕಂಡಕ್ಟರು. ಪ್ರತಿ ಗುಂಡಿಗೂ ಒಂದು ಟಿಕೆಟ್ಟು ಹರಿಯಬೇಕು ನಿನಗೆ ಎಂದು ಇವರನ್ನು ನಗಿಸುತ್ತಿದ್ದ.

ಇವರ ತಾಯಿ ಉಡುಸಲಮ್ಮ ಬಾಗಿಲಲ್ಲಿ ನೀರು ನಿವಾಳಿಸಿ ಚೆಲ್ಲಿದರು. ಹಲಗೆ ಒಳಗೆ ಹೋದ ಮೇಲೆ ನನ್ನನ್ನು ಕೇಳಿದರು: “ಅವನು ಮರ ಹತ್ತೋವಾಗ ನೀನೇನ್ ಮಾಡ್ತಿದ್ದೆ?” ಹಿಂದೂಪುರದಲ್ಲಿದ್ದೆ ಎಂದೆ. ಅದು ನಿಜ. ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ.

೨೭ ಫೆಬ್ರವರಿ, ಗುರುವಾರ

ಇವರಿಗೆ ಹೊಟ್ಟೆಯ ಮೇಲೆ ಚುಚ್ಚಿದರೂ ಗೊತ್ತಾಗುವುದಿಲ್ಲ. ಇದನ್ನು ಯಾರೂ ಹೇಳಿದ್ದಲ್ಲ, ನಾನೇ ನೋಡಿದೆ.

ಆಸ್ಪತ್ರೆಯಲ್ಲಿ ಹಾಕಿದ್ದ ಬನಿಯನ್ ಇನ್ನೂ ಮೈಮೇಲಿತ್ತು. ಅರ್ಧ ತೋಳಿನದು. ಎತ್ತಿ ಕೂರಿಸದೆ ತಲೆಯ ಮೇಲಿಂದ ತೆಗೆಯಲಾಗದು. ಬೆವರಿನ ವಾಸನೆ ಬಂದಿತ್ತು. ಬರಿಮೈಯಲ್ಲಿ ಮಲಗಲು ಇವರು ಒಪ್ಪುವುದಿಲ್ಲ, ಬೆಳಗಿನಿಂದ ಸಂಜೆಯವರೆಗೆ ನೋಡಲು ಬರುವವರಿದ್ದಾರೆ. ಅದಕ್ಕೆ ಮೈಮೇಲಿದ್ದುದನ್ನು ಕತ್ತರಿಸಿ ತೆಗೆದೆ. ಇನ್ನೊಂದರ ಮುಂಭಾಗ ಸೀಳಿ, ತೋಳು ತೂರಿಸಿ, ಎದೆಯ ಮೇಲೆ ನಾಲ್ಕು ಪಿನ್ನು ಹಾಕಿದೆ.

ಸಂಜೆ ಪಕ್ಕದ ಮನೆಯವರೊಂದಿಗೆ ಇವರು ಈ ವರ್ಷದ ಹುಣಸೆಯ ಬಣ್ಣದ ವಿಚಾರ ಮಾತಾಡುತ್ತಿದ್ದರು. ಬನಿಯನ್ ಮೇಲೆ ಒಂದಾಣೆ ಅಗಲದ ರಕ್ತ ಕಂಡಿತು. ಕೆಳಗಿನ ಪಿನ್ನು ಬಿಚ್ಚಿಕೊಂಡು ಅರ್ಧದಷ್ಟು ಒಳಗೆ ಹೋಗಿತ್ತು. ಮಾತು ನಿಂತಿರಲಿಲ್ಲ. ನಾನು ಎಳೆದು ತೆಗೆದೆ. ಏನು ಮಾಡ್ತಿದ್ದೀಯ ಎಂದು ಕೇಳಿದರು. ಪಿನ್ನು ಸರಿಮಾಡಿದೆ ಎಂದೆ.

೨೮ ಫೆಬ್ರವರಿ, ಶುಕ್ರವಾರ

ಕಾಂಪೌಂಡರ್ ಶಂಕರಯ್ಯ ಎರಡು ದಿನಕ್ಕೊಮ್ಮೆ ಮೂತ್ರದ ನಳಿಗೆ ನೋಡಲು ಬರುತ್ತಾರೆ. ಪಿನ್ನಿನ ಗಾಯ ನೋಡಿ, ಇನ್ನು ಈ ಮಂಚದ ಹತ್ತಿರ ಪಿನ್ನು ತರಬೇಡಿ ಎಂದರು. ಅಂಚಿಗೆ ಲಾಡಿ ಹೊಲಿಯುತ್ತೇನೆ ಎಂದೆ. ಇವರ ತಾಯಿ ಒಲೆಯ ಮುಂದಿನಿಂದಲೇ ಬೇಡ ಎಂದರು. “ಮಲಗಿರೋನ ಬಟ್ಟೆಗೆ ಸೂಜಿ ಹಾಕ್ಬಾರ್ದು. ಹಂಗೆ ಹೊಲಿಯೋದು ಹೆಣಕ್ಕೆ ಹೊದ್ಸೋದು.” ಇದಕ್ಕೆ ಆಧಾರವೇನು ಎಂದು ಕೇಳಿದೆ. ಸೂಜಿದಾರದ ಡಬ್ಬಿ ಅಟ್ಟಕ್ಕೆ ಹೋಯಿತು. ಮನೆ ಅವರದು.

ಹೊಲಿಗೆಯಿಲ್ಲದೆ ಮಾಡಿದೆ. ವಿವರ ಬರೆದಿಡುತ್ತೇನೆ, ಇನ್ನೊಮ್ಮೆ ಬೇಕಾಗಬಹುದು.

ಬನಿಯನ್ನನ್ನು ಚಾಪೆಯ ಮೇಲೆ ಹಾಸಿ ನಡುಮಧ್ಯಕ್ಕೆ ಮಡಿಸಬೇಕು. ಮಡಿಕೆಯ ಗುರುತಿನಲ್ಲಿ ಮುಂಭಾಗವನ್ನಷ್ಟೇ ಕತ್ತಿನಿಂದ ಕೆಳಗಿನವರೆಗೆ ಕತ್ತರಿಸಬೇಕು. ಕತ್ತಿನ ಪಟ್ಟಿ ದಪ್ಪ, ಅದನ್ನು ತೆಗೆದುಬಿಡಬೇಕು. ಕಂಕುಳಲ್ಲಿ ನಾಲ್ಕು ಬೆರಳು ಸೀಳಿದರೆ ತೋಳು ಸುಲಭವಾಗಿ ಹೋಗುತ್ತದೆ. ಆಮೇಲೆ ಎರಡೂ ಅಂಚಿನಲ್ಲಿ ಮೂರು ಮೂರು ಬೆರಳು ಬಿಟ್ಟು ಒಂದೊಂದು ಪಟ್ಟಿ ಕತ್ತರಿಸಬೇಕು, ಬೆರಳಗಲ, ಅಂಗೈಯುದ್ದ. ಒಂದು ಕಡೆಗೆ ಆರು, ಇನ್ನೊಂದು ಕಡೆಗೆ ಆರು. ಹೆಣಿಗೆಯ ಬಟ್ಟೆಯಾದ್ದರಿಂದ ದಾರ ಬಿಡುವುದಿಲ್ಲ. ಪಟ್ಟಿಯನ್ನು ಜಗ್ಗಿದರೆ ತಾನೇ ಸುರುಳಿಯಾಗಿ ಹುರಿಯಂತಾಗುತ್ತದೆ. ಎದುರುಬದುರಿನ ಹುರಿಗಳನ್ನು ಕಟ್ಟಿದರೆ ಆಯಿತು. ಆರು ಗಂಟು. ಬದಲಾಯಿಸುವಾಗ ಗಂಟು ಬಿಚ್ಚಿ, ತೋಳು ತೆಗೆದು, ಬೆನ್ನಿನ ಕೆಳಗಿಂದ ಪಕ್ಕಕ್ಕೆ ಎಳೆದರೆ ಬಂದುಬಿಡುತ್ತದೆ. ಇವರನ್ನು ಅಲುಗಿಸಬೇಕಿಲ್ಲ.

ಶಂಕರಯ್ಯ ನೋಡಿ ಚೆನ್ನಾಗಿದೆ ಎಂದರು.

೫ ಮಾರ್ಚ್, ಬುಧವಾರ

ಈಗ ಗಂಟುಗಳನ್ನು ಇವರೇ ಹಾಕಿಕೊಳ್ಳುತ್ತಾರೆ. ಕನ್ನಡಿ ಹಿಡಿ ಎನ್ನುತ್ತಾರೆ. ನಾನು ಹಿಡಿಯುತ್ತೇನೆ. ಜಾರುಗಂಟು ಹಾಕಿ, ಕುಣಿಕೆಗಳ ಉದ್ದ ಸಮ ಇದೆಯೇ ನೋಡಿ, ಸಮ ಇಲ್ಲದಿದ್ದರೆ ಬಿಚ್ಚಿ ಮತ್ತೆ ಹಾಕುತ್ತಾರೆ. ಬೆಳಗಿನ ಅರ್ಧ ಗಂಟೆ ಇದಕ್ಕೆ ಹೋಗುತ್ತದೆ. ಬಿದ್ದ ಮೇಲೆ ಇವರು ತಾವಾಗಿ ಮಾಡುತ್ತಿರುವ ಕೆಲಸ ಇದೊಂದೇ.

ಮುತ್ಯಾಲಪ್ಪನ ಕೈಯಲ್ಲಿ ಅಪ್ಪ ಐದು ದಿನದ ಪೇಪರ್ ಕಟ್ಟು ಕಳಿಸಿದ್ದಾರೆ. ಹಿಂದೂಪುರ ಸ್ಟೇಷನ್ನಿನಲ್ಲಿ ಬೆಂಗಳೂರಿನ ಪೇಪರಿಗೆ ಅಪ್ಪನೇ ಏಜೆಂಟರು. ನಾನು ಅಕ್ಷರ ಕಲಿತದ್ದೇ ಆ ಕಟ್ಟುಗಳ ಮೇಲೆ ಕೂತು. ಐದೂ ದಿನದ್ದನ್ನು ತಾರೀಖಿನ ಪ್ರಕಾರ ಇವರಿಗೆ ಓದಿ ಹೇಳಿದೆ. ಪೇಟೆ ಧಾರಣೆ ಎರಡು ಸಲ ಓದಿಸಿದರು.

ಇನ್ನು ಹದಿನೈದು ದಿನ.

೯ ಮಾರ್ಚ್, ಭಾನುವಾರ

ಮುತ್ಯಾಲಪ್ಪ ಬಂದಿದ್ದ. ಇವರ ತಾಯಿ, ಪಕ್ಕದ ಮನೆಯ ಇಬ್ಬರು, ನಾನು ಇದ್ದೆವು. ಅವನು ಬಾಗಿಲಲ್ಲೇ ನಿಂತು ಇವರ ಎದೆಯ ಮೇಲಿನ ಗಂಟುಗಳನ್ನು ನೋಡಿದ.

“ಏಮಿರಾ ಕೊಂಡಾ, ರವಿಕೆ ತೊಟ್ಕೊಂಡಿದ್ದೀಯ? ಇನ್ನೊಂದು ಸೀರೆ ಉಡಿಸ್ಬುಟ್ರೆ ಸೋಬಾನೆ ಹೇಳಿ ಹಸೆಗೆ ಕೂರ್ಸ್‌ಬೋದು ಕಣ್ಲಾ.”

ಎಲ್ಲರೂ ನಕ್ಕರು. ಇವರ ತಾಯಿ ಕೂಡ ಸೆರಗು ಬಾಯಿಗಿಟ್ಟುಕೊಂಡರು. ಎಲ್ಲರಿಗಿಂತ ಹೆಚ್ಚು ನಕ್ಕವರು ಇವರು. ಹೆಣ್ಣು ನೋಡೋಕೆ ಬಂದೋನು ಬರಿಗೈಲಿ ಬಂದಿದ್ದೀಯಲ್ಲ ಎಂದು ತಿರುಗಿಸಿ ಹೇಳಿದರು. ಈ ಕಡೆಯ ಹೆಂಗಸರ ರವಿಕೆಗೆ ಗುಂಡಿಯಿಲ್ಲ, ಎರಡು ತುದಿ ಎಳೆದು ಎದೆಯ ಕೆಳಗೆ ಗಂಟು ಹಾಕುವುದು. ನಾನು ಕೂಡ ಹಾಗೆಯೇ ಹಾಕುತ್ತೇನೆ. ಬನಿಯನ್ ಕತ್ತರಿಸುವಾಗ ಇದು ನನಗೆ ಹೊಳೆದಿರಲಿಲ್ಲ.

೧೦ ಮಾರ್ಚ್, ಸೋಮವಾರ

ಬೆಳಿಗ್ಗೆ ಕನ್ನಡಿ ತಂದರೆ ಇವರು ಬೇಡ ಎಂದರು. ಗಂಟನ್ನು ಹಿಂದಕ್ಕೆ ಮಾಡು ಎಂದರು. ಹಿಂದೆ ಇದ್ದರೆ ನಿಮಗೆ ಕಟ್ಟಿಕೊಳ್ಳಲು ಆಗುವುದಿಲ್ಲವಲ್ಲ ಎಂದೆ. “ಮುಂದೆ ಬ್ಯಾಡ. ಹೊದಿಕೆ ಹೊದ್ದು ಮಲಗ್ಲಾ, ಇಲ್ಲಾ ಹಿಂದಕ್ ಮಾಡ್ತೀಯಾ?” ಎಂದರು. ಮಧ್ಯಾಹ್ನದ ಸೆಕೆಯಲ್ಲಿ ಹೊದಿಕೆ ಆಗದು. ಇವರ ತಾಯಿ ಕೂಡ ಹಿಂದಕ್ಕೆ ಮಾಡು ಎಂದರು, ಗಂಡಸು, ಬಂದವರ ಮುಂದೆ ಯಾಕೆ ಎಂದರು. ಅವರು ನನ್ನ ಮುಖ ನೋಡಿ ಹೇಳಿದ ಎರಡನೆಯ ಮಾತು ಇದು.

ಕೊನೆಯ ಬನಿಯನ್ನನ್ನು ತೆಗೆದು ಬೆನ್ನಿನ ಭಾಗವನ್ನು ಅದೇ ರೀತಿ ಆರು ಗಂಟಿಗೆ ಕತ್ತರಿಸಿದೆ. ಎದೆಯ ಭಾಗ ಇಡಿಯಾಗಿ ಉಳಿಯಿತು, ನೋಡಲು ಮಾಮೂಲಿನಂತೆ ಇದೆ. ಇವರನ್ನು ತಿರುಗಿಸುವಂತಿಲ್ಲ. ಬೆನ್ನಿನ ಕೆಳಗೆ ಎರಡು ಕಡೆಯಿಂದ ಕೈ ತೂರಿಸಿ, ಕಾಣದೆ, ಬೆರಳಿನ ಅಂದಾಜಿನಲ್ಲಿ ಕಟ್ಟಬೇಕು. ಜಾರುಗಂಟು ಹಾಗೆ ನಿಲ್ಲಲಿಲ್ಲ. ಪೇಪರ್ ಕಟ್ಟಿನ ಗಂಟು ಹಾಕಿದೆ. ಎರಡು ಸುತ್ತು ಸುತ್ತಿ, ಜಗ್ಗಿ, ಮೇಲೆ ಇನ್ನೊಂದು. ಎಂಟು ವರ್ಷದವಳಿದ್ದಾಗಿನಿಂದ ಹಾಕಿದ ಗಂಟು. ರೈಲಿನಿಂದ ಎಸೆದರೂ ಬಿಚ್ಚುವುದಿಲ್ಲ.

೧೨ ಮಾರ್ಚ್, ಬುಧವಾರ

ಒಗೆದು ಒಣಗಿಸಿ ಅದನ್ನೇ ಹಾಕಿದೆ. ಮೇಲಿನ ಗಂಟು, ಕತ್ತಿನ ಹತ್ತಿರದ್ದು, ಒತ್ತುತ್ತದೆ ಎಂದರು. ಅದನ್ನು ಬಿಚ್ಚಿ ಹಾಗೇ ಬಿಟ್ಟೆ. ಉಳಿದ ಐದರ ಬಗ್ಗೆ ಏನೂ ಹೇಳಲಿಲ್ಲ.

೧೬ ಮಾರ್ಚ್, ಭಾನುವಾರ

ಜ್ವರ ನೂರು. ನಳಿಗೆಯಿಂದ ಇರಬಹುದು ಎಂದು ಶಂಕರಯ್ಯ ಹೇಳಿದರು. ಇವರು ಮಾತು ಕಡಿಮೆ ಮಾಡಿದ್ದಾರೆ. ಬೆಳಿಗ್ಗೆ ಕೈಗಳು ಎದೆಯ ಮೇಲೆ ಸುಮ್ಮನೆ ಇರುತ್ತವೆ. ಬನಿಯನ್ ಬದಲಾಯಿಸಿ ನಾಲ್ಕು ದಿನವಾಯಿತು. ಬಿಚ್ಚುವುದು ಬಲು ಕಷ್ಟ, ಇವರೂ ಬೇಡ ಎನ್ನುತ್ತಾರೆ.

ಅಪ್ಪ ಕಳಿಸಿದ ಪೇಪರ್ ಬಂದಿದೆ. ಬಿಚ್ಚಿಲ್ಲ.

೨೦ ಮಾರ್ಚ್, ಗುರುವಾರ

ಆರು ವಾರ ಮುಗಿಯಿತು. ಕಾಲುಗಳು ಫೆಬ್ರವರಿ ಆರರಂದು ಹೇಗಿದ್ದವೋ ಹಾಗೇ ಇವೆ. ಶಂಕರಯ್ಯ ಅಂಗಾಲಿಗೆ ಬೀಗದ ಕೈಯಿಂದ ಗೀರಿದರು. ಇವರು ಛಾವಣಿ ನೋಡುತ್ತಾ ಶುರು ಮಾಡಿ ಎಂದರು. ಗೀರಿ ಆಗಿತ್ತು.

ಇನ್ನು ಮಗ್ಗುಲಿಗೆ ತಿರುಗಿಸಬಹುದಂತೆ. ನಾಳೆ ಯುಗಾದಿ. ಎಣ್ಣೆ ಹಚ್ಚಿ ಮೈ ಒರೆಸುತ್ತೇನೆ ಎಂದು ಇವರ ತಾಯಿ ಹರಳೆಣ್ಣೆ ತಂದಿಟ್ಟಿದ್ದಾರೆ. ಹೊಸ ಬನಿಯನ್ ಒಂದನ್ನು ತಂದು ಅಂಚಿಗೆ ಅರಿಶಿನ ಹಚ್ಚಿದ್ದಾರೆ.

೨೧ ಮಾರ್ಚ್, ಶುಕ್ರವಾರ. ಯುಗಾದಿ

ಬೆನ್ನಿನಲ್ಲಿ ಐದು ಹುಣ್ಣು, ಸೊಂಟದ ಮೂಳೆಯ ಮೇಲೆ ದೊಡ್ಡದೊಂದು. ಒಟ್ಟು ಆರು.

ಪಕ್ಕದ ಮನೆಯ ಇಬ್ಬರು ಬಂದು ತಿರುಗಿಸಿದರು. ಮೊದಲು ಬಂದದ್ದು ವಾಸನೆ. ಬಟ್ಟೆ ಐದು ಕಡೆ ಮೈಗೆ ಅಂಟಿಕೊಂಡಿತ್ತು. ಗಂಟು ಬಿಚ್ಚಲು ನೋಡಿದೆ, ಒಳಗೆ ಹೂತಿದ್ದವು. ಕತ್ತರಿ ತಂದು ಸುತ್ತಲಿನ ಬಟ್ಟೆ ಕತ್ತರಿಸಿದೆ. ಗಂಟುಗಳು ಅಲ್ಲೇ ಉಳಿದವು. ನೀರು ಹಾಕಿ ನೆನೆಸಿ ಒಂದೊಂದಾಗಿ ತೆಗೆದೆ. ಇವರು ಒಮ್ಮೆಯೂ ನರಳಲಿಲ್ಲ.

ಅತ್ತೆ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. ನೀವು ಹೋಗಿ ಹಬ್ಬ ಮಾಡ್ಕಳ್ರಪ್ಪ ಎಂದು ಆ ಇಬ್ಬರನ್ನು ಕಳಿಸಿದರು.

ಇವರ ಮುಖ ಹಲಗೆಯ ಕಡೆಗಿತ್ತು. “ಯಾಕೆ ಎಲ್ರೂ ಸುಮ್ಕಾದ್ರಿ?” ಎಂದರು.

“ಏನಿಲ್ಲ ಕಣಪ್ಪ. ಬೆವರುಸಾಲೆ ಎದ್ದೈತೆ,” ಎಂದರು ಅತ್ತೆ.



೨೨ ಮಾರ್ಚ್, ಶನಿವಾರ

ಶಂಕರಯ್ಯ ತೊಳೆದು, ಸಲ್ಫಾ ಪುಡಿ ಹಾಕಿ ಕಟ್ಟಿದರು. ಎರಡು ಹುಣ್ಣು ಹೆಬ್ಬೆರಳು ಇಳಿಯುವಷ್ಟು ಆಳ. ಇನ್ನು ಕವುಚಿಯೇ ಮಲಗಿರಬೇಕು, ಬೆನ್ನಿಗೆ ಗಾಳಿ ಆಡಬೇಕು, ಬನಿಯನ್ ಬೇಡ.

ಹೊರಗೆ ಜಗುಲಿಯಲ್ಲಿ ಅವರನ್ನು ನಿಲ್ಲಿಸಿ ಕೇಳಿದೆ. ಗಂಟು ಇಲ್ಲದಿದ್ದರೂ ಇದು ಬರುತ್ತಿತ್ತೇ? ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು, ನಿಲ್ಲಿಸಿದರು.

“ಸೊಂಟದ್ದು ಹೆಂಗಿದ್ರೂ ಬತ್ತಿತ್ತು ಕಣಮ್ಮ, ಆರು ವಾರ ಹಲಗೆ ಮ್ಯಾಲೆ. ಬೆನ್ನಿಂದು ಗಂಟಿನಿಂದಾನೇ.”

ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟರು. ಅವರ ಮೇಲೆ ಕೋಪವಿಲ್ಲ.

ಹನ್ನೆರಡನೇ ತಾರೀಖಿನ ಪುಟ ತೆಗೆದು ಓದಿದೆ. ಆರು ಗಂಟಿನಲ್ಲಿ ಒಂದು ಮಾತ್ರ ಒತ್ತುತ್ತದೆ ಎಂದಿದ್ದರು, ಐದು ಒತ್ತಲಿಲ್ಲ. ಒಂದೇ ಕೈ, ಒಂದೇ ಬಟ್ಟೆ, ಒಂದೇ ಗಂಟು. ಪಿನ್ನು ಚುಚ್ಚಿದ್ದು ಅದಕ್ಕೆ ಹದಿಮೂರು ದಿನ ಮೊದಲು. ನನ್ನ ಕೈಯಿಂದಲೇ ಎರಡನ್ನೂ ಬರೆದಿದ್ದೆ.

ಸಂಜೆ ಅತ್ತೆ ಬಾವಿಯ ಹತ್ತಿರ ನನ್ನ ಪಕ್ಕದಲ್ಲಿ ಕೂತು ಬಟ್ಟೆ ಹಿಂಡಿದರು. ಸೂಜಿ ಬೇಡ ಅಂದವಳು ನಾನು, ಹಿಂದಕ್ಕೆ ಮಾಡು ಅಂದವಳೂ ನಾನು ಎಂದರು. ಕಟ್ಟಿದವಳು ನಾನು ಎಂದೆ. ಅವರು ಹಿಂಡಿದ್ದನ್ನು ನಾನು ಹರವಿದೆ.

೨೬ ಮಾರ್ಚ್, ಬುಧವಾರ

ಜ್ವರ ನೂರೆರಡು. ಬೆಳಿಗ್ಗೆ ಇವರು ಹೇಗಿದೆ ಎಂದು ಕೇಳಿದರು. ಒಣಗುತ್ತಾ ಇದೆ ಎಂದೆ. ಒಣಗುತ್ತಿಲ್ಲ.

ಮಧ್ಯಾಹ್ನ ಮುತ್ಯಾಲಪ್ಪ ಬಂದ. ಇವರು ಕವುಚಿ ಮಲಗಿರುವುದರಿಂದ ಮುಖ ನೋಡಲು ಅವನು ನೆಲದ ಮೇಲೆ ಕೂತು, ತಲೆಯನ್ನು ಹಲಗೆಯ ಅಂಚಿನ ಕೆಳಕ್ಕೆ ತಂದ. “ಬೆನ್ನು ತಿರುಗಿಸ್ಕೊಂಡು ಮಲಗಿದ್ದೀಯ. ನನ್ ಮ್ಯಾಲೆ ಮುನಿಸಾ?” ಎಂದ. ಇವರು ನಕ್ಕರು. ಬಸ್ಸಿನಲ್ಲಿ ಮೇಕೆಗೆ ಟಿಕೆಟ್ಟು ಕೇಳಿದ್ದಕ್ಕೆ ಸೆಟ್ಟೂರಿನ ಮುದುಕಿ, ಇದಕ್ಕೆ ಇನ್ನೂ ಮೂರು ವರ್ಷ ತುಂಬಿಲ್ಲ ಎಂದು ವಾದಿಸಿದ್ದನ್ನು ಹೇಳಿದ. ಇವರು ಕೆಮ್ಮು ಬರುವವರೆಗೆ ನಕ್ಕರು. ಐದು ದಿನದಲ್ಲಿ ಇವರ ಧ್ವನಿ ಇಷ್ಟು ಜೋರಾಗಿ ಕೇಳಿದ್ದು ಇದೇ ಮೊದಲು.

ಎದ್ದು ಹೊರಡುವಾಗ ಅವನು ಬೆನ್ನಿನ ಮೇಲಿನ ಕಟ್ಟುಗಳನ್ನು ನೋಡಿ, ಇದು ಹೇಗಾಯಿತು ಅತ್ತಿಗೆ ಎಂದು ನನ್ನನ್ನು ಕೇಳಿದ. ನಾನು ಹೇಳುವವಳಿದ್ದೆ.

“ಹಲಗೆ ಒತ್ತಿ ಆಗೈತೆ ಕಣ್ಲಾ,” ಎಂದರು ಇವರು. “ಹಾಳಾದ್ ಹಲಗೆ.”

ಅವನು ಹಲಗೆಗೆ ಒಂದು ಒದ್ದು, ಬಸ್ಸಿಗೆ ಹೊತ್ತಾಯಿತು ಎಂದು ಹೋದ.

ಬಸ್ಸಿನ ಸದ್ದು ನಿಂತ ಮೇಲೆ ಇವರು ನನ್ನನ್ನು ಕರೆದರು. ನಾನೂ ನೆಲದ ಮೇಲೆ ಕೂತೆ.

“ಗಂಟಿನ ವಿಷ್ಯ ಅವನಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಇನ್ಮ್ಯಾಲೆ ನಗ್ಸೋಕೆ ಹೆದರ್ಕೊಂಬುಡ್ತಾನೆ.”

ನಿಮಗೆ ಯಾವಾಗ ಗೊತ್ತಾಯಿತು ಎಂದೆ.

“ಶನಿವಾರ. ಜಗಲಿ ಕಡೆ ಕಿಟಕಿ ತೆಗ್ದಿತ್ತು.”

ಆಮೇಲೆ ನಾನು ಏಳುವಾಗ ಹೇಳಿದರು: “ಒಣಗ್ತಾ ಐತೆ ಅಂದ್ಯಲ್ಲ. ನಾ ಕೇಳ್ದಾಗೆಲ್ಲಾ ಹಂಗೇ ಹೇಳ್ತಿರು.”

೨೯ ಮಾರ್ಚ್, ಶನಿವಾರ

ಒಣಗುತ್ತಾ ಇದೆ ಎಂದು ಮೂರು ಸಲ ಹೇಳಿದೆ.

ಪೇಪರ್ ಕಟ್ಟುಗಳನ್ನು ಬಿಚ್ಚಿ, ಹಲಗೆಯ ಮೇಲೆ ಹಾಸಿದ ಬೊಂತೆಗೆ ಕೀವು ಇಳಿಯದಂತೆ ಇವರ ಕೆಳಗೆ ಹಾಸಿದೆ. ದಿನಕ್ಕೆ ನಾಲ್ಕು ಹಾಳೆ ಬೇಕಾಗುತ್ತದೆ. ಹೆಚ್ಚು ಕಳಿಸಲು ಅಪ್ಪನಿಗೆ ಬರೆದಿದ್ದೇನೆ. ಹಳೆಯದಾದರೂ ಪರವಾಗಿಲ್ಲ.

೨ ಏಪ್ರಿಲ್, ಬುಧವಾರ

ಎರಡು ಹುಣ್ಣುಗಳಲ್ಲಿ ಮೂಳೆ ಕಾಣುತ್ತಿದೆ. ನಂಜು ರಕ್ತಕ್ಕೆ ಸೇರಿದೆ. ಆಸ್ಪತ್ರೆಯ ಡಾಕ್ಟರು ಇವತ್ತು ಬಂದು ನೋಡಿ ಹೇಳಿದರು, ನನಗೇ ಹೇಳಿದರು. ಎಷ್ಟು ದಿನ ಎಂದು ಕೇಳಿದೆ. ಈ ತಿಂಗಳು ಕಷ್ಟ ಎಂದರು. ಪೆನಿಸಿಲಿನ್ ನಿಲ್ಲಿಸುವುದಿಲ್ಲ.

ಅಪ್ಪನ ಕಾಗದ ಬಂದಿದೆ. ಎರಡು ದಿನ ಹಿಂದೂಪುರಕ್ಕೆ ಬಂದು ಸುಧಾರಿಸಿಕೊಂಡು ಹೋಗು, ಬಾಡಿಗೆ ಮನೆಯ ವಿಚಾರವೂ ತೀರ್ಮಾನ ಮಾಡಬೇಕು ಎಂದಿದ್ದಾರೆ. ಮನೆ ಬಿಟ್ಟುಕೊಡಿ, ಸಾಮಾನು ನಿಮ್ಮಲ್ಲಿರಲಿ, ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಬರಲಾಗದು ಎಂದು ಉತ್ತರ ಬರೆದೆ.

ಇವರು ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತಾರೆ. ಎಚ್ಚರವಾದಾಗ ಎರಡು ಸಲ ಕೇಳಿದರು, ಎರಡು ಸಲವೂ ಹೇಳಿದೆ. ಮೂರನೆಯ ಸಲ ನಾನು ನೀರು ತರಲು ಹೋಗಿದ್ದೆ. ಹಿಂದಿರುಗುವಾಗ ಅತ್ತೆಯ ಧ್ವನಿ ಕೇಳಿಸಿತು. “ಒಣಗ್ತಾ ಐತೆ ಕಣಪ್ಪ,” ಎನ್ನುತ್ತಿದ್ದರು.

ನಾಳೆ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಡಾಕ್ಟರು ಬಂದು ಸತ್ತ ಮಾಂಸವನ್ನು ಕತ್ತರಿಸಿ ತೆಗೆಯುತ್ತಾರೆ. ಅದಕ್ಕೆ ಪ್ರಜ್ಞೆ ತಪ್ಪಿಸುವ ಔಷಧಿ ಬೇಕಾಗುವುದಿಲ್ಲ ಎಂದಿದ್ದಾರೆ. ಏಳಕ್ಕೆ ಎರಡು ಪಾತ್ರೆ ನೀರು ಕುದಿಸಿಟ್ಟಿರಬೇಕು.